ವೀಸಿಂಗ್, ನೀಲಿ ಪಂಪು ಮತ್ತು ಬಿಗಿದ ಸ್ನಾಯು

ಚೆನ್ನೈಯಲ್ಲಿ ಅಸ್ತಮಾ ಎಂಬ ಹೆಸರನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. "ಮಗುವಿಗೆ ಸ್ವಲ್ಪ ವೀಸಿಂಗ್ ಇದೆ" ಎನ್ನುತ್ತಾರೆ. ನಮ್ಮ ಊರುಗಳ ಕಡೆ ಉಬ್ಬಸ, ಗೂರಲು, ದಮ್ಮು ಎನ್ನುವುದು ಇದನ್ನೇ. ಉಸಿರು ಕಟ್ಟಿದ ಆ ಹೊತ್ತಿನಲ್ಲಿ ಎದೆಯೊಳಗೆ ಏನಾಗುತ್ತದೆ ಎಂದು ತಿಳಿದುಕೊಂಡರೆ, ಕೈಯಲ್ಲಿರುವ ಪಂಪು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದೂ ಗೊತ್ತಾಗುತ್ತದೆ.

ಶ್ವಾಸನಾಳವು ಎದೆಯೊಳಗೆ ಮರದ ಕೊಂಬೆಗಳಂತೆ ಕವಲೊಡೆಯುತ್ತಾ ಸಣ್ಣದಾಗುತ್ತದೆ. ಈ ಕೊಳವೆಗಳ ಗೋಡೆಯಲ್ಲಿ ತೆಳುವಾದ ಸ್ನಾಯು ಸುತ್ತಿಕೊಂಡಿದೆ. ಕೈಕಾಲಿನ ಸ್ನಾಯುವಿನಂತೆ ಇದು ನಮ್ಮ ಮಾತು ಕೇಳುವುದಿಲ್ಲ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಂದರೆ ಬಿಗಿಯುತ್ತದೆ, ರಕ್ತದಲ್ಲಿ ಅಡ್ರಿನಲಿನ್ ಬಂದರೆ ಸಡಿಲವಾಗುತ್ತದೆ. ಅಸ್ತಮಾ ಇರುವವರಲ್ಲಿ ಈ ಸ್ನಾಯು ಮಹಾ ಮುಂಗೋಪಿ. ಧೂಳು, ಹೊಗೆ, ನೆಗಡಿ, ತಣ್ಣನೆಯ ಗಾಳಿ, ಬೇರೆಯವರು ಗಮನಿಸದಷ್ಟು ಸಣ್ಣ ಕಾರಣ ಸಾಕು, ಬಿಗಿದುಕೊಳ್ಳುತ್ತದೆ. ಆ ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಬರುವುದೇ ಸೀಟಿಯಂಥ ಸದ್ದು.

ಈ ಸ್ನಾಯುವನ್ನು ಸಡಿಲಿಸುವ ಹಳೆಯ ಮದ್ದೊಂದು ಬ್ರಿಟನ್ನಿಗೆ ಹೋದದ್ದು ನಮ್ಮ ಮದ್ರಾಸಿನಿಂದ! ಹದಿನೆಂಟನೇ ಶತಮಾನದ ಕೊನೆಯಲ್ಲಿ ಇಲ್ಲಿ ಫಿಸಿಷಿಯನ್ ಜನರಲ್ ಆಗಿದ್ದವರು ಡಾ. ಜೇಮ್ಸ್ ಆಂಡರ್ಸನ್. ಸೈದಾಪೇಟೆಯಲ್ಲಿ ಪಾಪಾಸುಕಳ್ಳಿ ತೋಟ ಮಾಡಿ, ಅದರ ಮೇಲೆ ಕೆಂಪು ಬಣ್ಣದ ಹುಳು ಸಾಕಲು ಹೊರಟ ಪುಣ್ಯಾತ್ಮ ಇವರೇ. ಉಬ್ಬಸಕ್ಕೆ ಇಲ್ಲಿನ ಜನ ದತ್ತೂರಿ ಗಿಡದ ಒಣಗಿದ ಬೇರನ್ನು ಚುರುಟಿನಂತೆ ಸೇದುವುದನ್ನು ಅವರು ತಿಳಿದುಕೊಂಡು, ರೋಗಿಗಳಿಗೂ ಹೇಳಿದರು. 1802ರಲ್ಲಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ಆ ಗಿಡವನ್ನು ಎಡಿನ್‌ಬರೋದ ವೈದ್ಯ ಸಿಮ್ಸ್ ಅವರಿಗೆ ತಲುಪಿಸಿದರು. ಅಲ್ಲಿಂದ ಮುಂದೆ ಯೂರೋಪು, ಅಮೆರಿಕಗಳಲ್ಲಿ ದತ್ತೂರಿ ತುಂಬಿದ "ಅಸ್ತಮಾ ಸಿಗರೇಟು" ನೂರು ವರ್ಷಕ್ಕೂ ಮೀರಿ ಮಾರಾಟವಾಯಿತು.

ತಮಿಳರು ಊಮತ್ತೈ ಎನ್ನುವ, ನಾವು ಶಿವನಿಗೆ ಏರಿಸುವ ಆ ಗಿಡದಲ್ಲಿ ಅಟ್ರೋಪಿನ್ ಇದೆ. ಅದು ಅಸಿಟೈಲ್‌ಕೋಲಿನ್‌ಗೆ ಅಡ್ಡ ನಿಲ್ಲುವುದರಿಂದ ಸ್ನಾಯು ಸಡಿಲವಾಗುತ್ತದೆ. ಆದರೆ ದತ್ತೂರಿ ಕಡು ವಿಷ. ಪ್ರಮಾಣ ತಪ್ಪಿದರೆ ಬುದ್ಧಿಭ್ರಮಣೆ, ಸಾವು ಎರಡೂ ಉಂಟು. ಯಾರೂ ಮನೆಯಲ್ಲಿ ಪ್ರಯೋಗ ಮಾಡಬಾರದು. ಅದೇ ತತ್ವವನ್ನು ಹಿಡಿದು ತಯಾರಾದ ಇಪ್ರಟ್ರೋಪಿಯಂ, ಟಯೋಟ್ರೋಪಿಯಂ ಎಂಬ ಔಷಧಗಳು ಇಂದು ಆಸ್ಪತ್ರೆಯ ನೆಬ್ಯುಲೈಸರ್‌ನಲ್ಲಿ, ಇನ್‌ಹೇಲರ್‌ಗಳಲ್ಲಿ ಇವೆ. (ಫಿಲ್ಟರ್ ಕಾಫಿಗೂ ಈ ಕಥೆಯಲ್ಲಿ ಪಾಲಿದೆ. 1860ರಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಹೈಡ್ ಸಾಲ್ಟರ್ ಉಬ್ಬಸಕ್ಕೆ ಗಟ್ಟಿ ಕಾಫಿ ಕುಡಿಯಿರಿ ಎಂದು ಬರೆದರು. ಕೆಫೀನ್ ಸ್ನಾಯುವನ್ನು ತುಸು ಸಡಿಲಿಸುವುದು ನಿಜ. ಹಾಗೆಂದು ಡಬರಾ ಹಿಡಿದು ಪಂಪನ್ನು ಬಿಸಾಡಬೇಡಿ!)

ಇನ್ನೊಂದು ದಾರಿ ಅಡ್ರಿನಲಿನ್‌ನದು. ಅದನ್ನು ಅನುಕರಿಸುವ ಹಳೆಯ ಔಷಧಗಳು ಹೃದಯವನ್ನೂ ಓಡಿಸುತ್ತಿದ್ದವು. 1969ರಲ್ಲಿ ಬಂದ ಸಾಲ್ಬುಟಮಾಲ್ ಬಹುಮಟ್ಟಿಗೆ ಶ್ವಾಸನಾಳದ ಸ್ನಾಯುವಿನ ಮೇಲೆಯೇ ಕೆಲಸ ಮಾಡುತ್ತದೆ. ಅಸ್ತಾಲಿನ್ ಮುಂತಾದ ಹೆಸರಿನಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗುವ ನೀಲಿ ಪಂಪು ಅದೇ. ಕೆಲವೇ ನಿಮಿಷದಲ್ಲಿ ಆರಾಮ ಕೊಡುತ್ತದೆ, ನಾಲ್ಕರಿಂದ ಆರು ಗಂಟೆ ಇರುತ್ತದೆ. "ಪಂಪು ಸ್ಟ್ರಾಂಗ್, ಮಾತ್ರೆಯೇ ವಾಸಿ" ಎನ್ನುವ ಹಿರಿಯರು ಒಂದು ಲೆಕ್ಕ ನೋಡಬೇಕು. ಪಂಪಿನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ. 4 ಮಿಲಿಗ್ರಾಂ ಮಾತ್ರೆಯೊಂದು ನಲವತ್ತು ಪಫ್‌ಗೆ ಸಮ, ಅದೂ ಮೈಯೆಲ್ಲ ಸುತ್ತಿ ಬರಬೇಕು. ಮಾತ್ರೆ ನುಂಗಿದ ಮೇಲೆ ಕೈ ನಡುಗುವುದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಹೊಗಳಿದ ಮೇಲೂ ಈ ಪಂಪಿನ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಸ್ನಾಯು ಮುಂಗೋಪಿಯಾಗಿರುವುದಕ್ಕೆ ಕಾರಣ ಕೊಳವೆಯ ಒಳಪದರದ ಊತ. ನೀಲಿ ಪಂಪು ಬಿಗಿತವನ್ನು ಬಿಡಿಸುತ್ತದೆ, ಊತವನ್ನು ಮುಟ್ಟುವುದೇ ಇಲ್ಲ. ಉಸಿರು ಹಗುರಾಯಿತೆಂದು ನಾವು ಸುಮ್ಮನಾಗುತ್ತೇವೆ, ಊತ ಒಳಗೇ ಬೆಳೆಯುತ್ತದೆ. ಒಂದು ದಿನ ಪಂಪು ಎಷ್ಟು ಒತ್ತಿದರೂ ದಾರಿ ತೆರೆಯುವುದಿಲ್ಲ. ಇದಕ್ಕಾಗಿಯೇ ಜೀನಾ ಎಂಬ ಅಂತರರಾಷ್ಟ್ರೀಯ ಅಸ್ತಮಾ ಸಂಸ್ಥೆ 2019ರಲ್ಲಿ, ದೊಡ್ಡವರಿಗೂ ಹರೆಯದವರಿಗೂ ಬರೀ ಸಾಲ್ಬುಟಮಾಲ್ ಒಂದನ್ನೇ ಕೊಡುವ ಪದ್ಧತಿಯನ್ನು ಕೈಬಿಡಲು ಹೇಳಿತು. ಊತ ಇಳಿಸುವುದು ಉಸಿರಿನ ಮೂಲಕ ಎಳೆದುಕೊಳ್ಳುವ ಸ್ಟೀರಾಯ್ಡ್. ಹೆಸರು ಕೇಳಿ ಬೆಚ್ಚುವವರೇ ಹೆಚ್ಚು, ಆದರೆ ಇದೂ ಮೈಕ್ರೋಗ್ರಾಂ ಲೆಕ್ಕದ್ದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಬಾಯಿ ಹುಣ್ಣಿನ ತೊಂದರೆಯೂ ಕಡಿಮೆ. ಬುಡೆಸೊನೈಡ್, ಫಾರ್ಮೋಟೆರಾಲ್ ಎರಡನ್ನೂ ಸೇರಿಸಿದ ಪಂಪು ಊತವನ್ನೂ ಬಿಗಿತವನ್ನೂ ಒಟ್ಟಿಗೆ ನೋಡಿಕೊಳ್ಳುತ್ತದೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ನೀಲಿ ಪಂಪು ಬೇಕಾಗುತ್ತಿದ್ದರೆ, ರಾತ್ರಿ ಉಸಿರು ಕಟ್ಟಿ ಎಚ್ಚರವಾಗುತ್ತಿದ್ದರೆ, ವೈದ್ಯರಲ್ಲಿ ಈ ಮಾತು ಎತ್ತಿ.

ಸ್ನಾಯುವನ್ನೇ ತೆಳುವಾಗಿಸುವ ಪ್ರಯತ್ನವೂ ನಡೆದಿದೆ. ಶ್ವಾಸನಾಳದೊಳಗೆ ಸಣ್ಣ ತಂತಿ ಇಳಿಸಿ ಗೋಡೆಯನ್ನು 65 ಡಿಗ್ರಿ ಬಿಸಿ ಮಾಡುವ ಬ್ರಾಂಕಿಯಲ್ ಥರ್ಮೋಪ್ಲಾಸ್ಟಿಗೆ ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿತು. ಮೂರು ಸಲ ಮಾಡಬೇಕಾದ ಈ ಚಿಕಿತ್ಸೆ ಯಾವ ಔಷಧಕ್ಕೂ ಬಗ್ಗದ ಕೆಲವರಿಗಷ್ಟೇ ಮೀಸಲಾಗಿ, ಹೆಚ್ಚು ಹರಡಲಿಲ್ಲ.

ಭೋಗಿ ದಿನದ ಹೊಗೆ ನಮಗೆಲ್ಲ ಗೊತ್ತೇ ಇದೆ. 2018ರ ಜನವರಿಯಲ್ಲಿ ಅದು ಚೆನ್ನೈ ವಿಮಾನಗಳನ್ನೇ ತಡೆದಿತ್ತು. ಅಂಥ ಬೆಳಗ್ಗೆ ಕಿಟಕಿ ಮುಚ್ಚಿ, ಮಕ್ಕಳನ್ನೂ ಹಿರಿಯರನ್ನೂ ಒಳಗಿರಿಸಿ, ಪಂಪೂ ಸ್ಪೇಸರೂ ಕೈಗೆ ಸಿಗುವಂತಿರಲಿ. ಉಸಿರು ಕಟ್ಟಿದರೆ ಮಲಗಿಸದೆ ನೇರ ಕೂರಿಸಿ, ಸ್ಪೇಸರ್ ಮೂಲಕ ಸಾಲ್ಬುಟಮಾಲ್ ಒಂದೊಂದೇ ಪಫ್‌ನಂತೆ ನಾಲ್ಕು ಕೊಡಿ. ನಾಲ್ಕು ನಿಮಿಷ ಕಾದು, ಕಡಿಮೆಯಾಗದಿದ್ದರೆ ಮತ್ತೆ ನಾಲ್ಕು. ಅದಕ್ಕೂ ಬಗ್ಗದಿದ್ದರೆ 108ಕ್ಕೆ ಫೋನ್ ಮಾಡಿ. ತುಟಿ ನೀಲಿಗಟ್ಟಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ ಕಾಯದೆ ಮೊದಲೇ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಪಫ್ ಕೊಡುತ್ತಲೇ ಇರಿ.