ಅರ್ಜಿಯ ಮೇಲಿನ ಅಡ್ಡಹೆಸರು

ರಬಕವಿಯ ವಿದ್ಯುತ್ ಮಗ್ಗಗಳ ಮಾಲೀಕರೊಬ್ಬರಿಗೆ ಲೆಕ್ಕಪತ್ರ ಬರೆಯುವ ಗುಮಾಸ್ತರು ಬೇಕಾಗಿದ್ದಾರೆ ಎಂದಿಟ್ಟುಕೊಳ್ಳಿ. ಇಪ್ಪತ್ತು ಅರ್ಜಿಗಳು ಬಂದಿವೆ. ಎಲ್ಲರೂ ಬಿ.ಕಾಂ. ಪದವೀಧರರು, ಟ್ಯಾಲಿ ಬಲ್ಲವರು. ಮಧ್ಯಾಹ್ನದ ಚಹಾ ಮುಗಿಯುವುದರೊಳಗೆ ಅರ್ಜಿಗಳು ಎರಡು ಕಟ್ಟುಗಳಾಗಿರುತ್ತವೆ: ಸಂದರ್ಶನಕ್ಕೆ ಕರೆಯಬೇಕಾದವು ಆರು, ಬದಿಗಿಟ್ಟವು ಹದಿನಾಲ್ಕು. ಆಧಾರವೇನೆಂದು ಕೇಳಿದರೆ ‘ಇವರು ನಮ್ಮಲ್ಲಿ ಹೊಂದಿಕೊಳ್ಳುವಂತೆ ಕಂಡರು’ ಎಂಬ ಉತ್ತರ ಬರುತ್ತದೆ. ಜಾತಿ ನೋಡಿದಿರಾ ಎಂದರೆ ಮಾಲೀಕರು ಇಲ್ಲವೆನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಓದಿದ್ದು ಹೆಸರನ್ನು ಮಾತ್ರ. ಮುಂದಿನ ವಿಂಗಡಣೆಯನ್ನು ಅವರ ಅರಿವಿಗೆ ಬಾರದಂತೆ ಅವರ ಮನಸ್ಸೇ ಮಾಡಿ ಮುಗಿಸಿದೆ.

ಹಳೆಯ ಮೈಸೂರು ಪ್ರಾಂತದಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿಂದ ಕೆಲಸ ಸಾಗುತ್ತದೆ. ಮುಂಬಯಿ ಆಡಳಿತದ ಪ್ರಭಾವಕ್ಕೊಳಗಾದ ಈ ಭಾಗದಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಕ್ರಮ ರೂಢಿಯಾಗಿದೆ. ಆದ್ದರಿಂದ ಇಲ್ಲಿನ ಹೆಸರು ಹೆಚ್ಚು ಮಾತನಾಡುತ್ತದೆ. ಬಡಿಗೇರ, ಕಂಬಾರ, ಪತ್ತಾರ, ಗಾಣಿಗೇರ, ಹಡಪದ, ಮಡಿವಾಳರ ಎಂಬಲ್ಲಿ ಕಸುಬು ಕಾಣುತ್ತದೆ. ಬಾಗವಾನ, ಅತ್ತಾರ, ನದಾಫ ಎಂಬಲ್ಲಿ ಕಸುಬಿನೊಂದಿಗೆ ಧರ್ಮವೂ ಕಾಣುತ್ತದೆ. ಅಂಗಡಿ, ಬೆಲ್ಲದ, ಮೆಣಸಿನಕಾಯಿ ಎಂಬವು ಹಿರಿಯರ ವ್ಯಾಪಾರದ ನೆನಪುಗಳು. ಕೆಲವು ಕುಟುಂಬಗಳ ಮಕ್ಕಳಿಗೆ ಶಾಲೆಯ ದಾಖಲೆಯಲ್ಲಿ ‘ಹರಿಜನ’ ಎಂಬುದನ್ನೇ ಅಡ್ಡಹೆಸರಾಗಿ ಬರೆಯಲಾಯಿತು. ಆ ಮಗು ಅದನ್ನು ಪದವಿ ಪ್ರಮಾಣಪತ್ರದವರೆಗೆ, ಅಲ್ಲಿಂದ ಉದ್ಯೋಗದ ಅರ್ಜಿಯವರೆಗೆ ಹೊತ್ತು ತರುತ್ತದೆ.

ಇಷ್ಟಾಗಿಯೂ ಹೆಸರು ನಂಬತಕ್ಕ ಸಾಕ್ಷಿಯಲ್ಲ. ಪಾಟೀಲ ಎಂಬುದು ಮೂಲತಃ ಊರಿನ ಅಧಿಕಾರಸ್ಥಾನ. ಲಿಂಗಾಯತರು, ಜೈನರು, ಮರಾಠರು, ಮುಸಲ್ಮಾನರು ಎಲ್ಲರಲ್ಲಿಯೂ ಪಾಟೀಲರಿದ್ದಾರೆ. ಮುಧೋಳ, ಜಮಖಂಡಿ ಎಂಬ ಅಡ್ಡಹೆಸರುಗಳು ಯಾವ ಸಮುದಾಯಕ್ಕೂ ಸೇರಿರಬಹುದು. ಕಸುಬಿನ ಹೆಸರಂತೂ ಇನ್ನೊಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ನೇಕಾರ ಮನೆತನದ ಪದವೀಧರನನ್ನು ಮಗ್ಗದ ಕೆಲಸಕ್ಕೆ ಕೇಳುವಷ್ಟು ಸಲೀಸಾಗಿ ಲೆಕ್ಕದ ಮೇಜಿಗೆ ಯಾರೂ ಕೇಳುವುದಿಲ್ಲ. ಮಗ್ಗದ ಊರಿನಲ್ಲಿಯೇ ಈ ಸ್ಥಿತಿ.

ಇದು ಕೇವಲ ಊಹೆಯಲ್ಲ. ಅರ್ಥಶಾಸ್ತ್ರಜ್ಞ ಸುಖದೇವ ಥೋರಾತ್ ಹಾಗೂ ಅಮೆರಿಕದ ಸಮಾಜಶಾಸ್ತ್ರಜ್ಞ ಪಾಲ್ ಅಟ್ಟೆವೆಲ್ 2005ರಲ್ಲಿ ಆರಂಭಿಸಿ 66 ವಾರಗಳ ಕಾಲ ಭಾರತದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳುಹಿಸಿದರು. ವಿದ್ಯಾರ್ಹತೆ ಸಮಾನವಾಗಿತ್ತು, ಹೆಸರುಗಳು ಮಾತ್ರ ಬೇರೆ. ಮೇಲ್ಜಾತಿಯ ಹಿಂದೂ ಹೆಸರಿಗೆ ಕರೆ ಬರುವ ಸಂಭವವನ್ನು 1 ಎಂದು ಹಿಡಿದರೆ ದಲಿತ ಹೆಸರಿಗೆ ಅದು 0.67, ಮುಸ್ಲಿಂ ಹೆಸರಿಗೆ 0.33 ಎಂಬ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ದೆಹಲಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸಾಫ್ಟ್‌ವೇರ್ ಹುದ್ದೆಗಳಲ್ಲಿ ಇಂತಹ ಭೇದ ಕಂಡುಬರಲಿಲ್ಲ. ಕಾಲ್ ಸೆಂಟರ್ ಹುದ್ದೆಗಳಲ್ಲಿ ಕಂಡಿತು. ಇದು ಗಮನಾರ್ಹ. ಕೌಶಲವನ್ನು ಅಳೆಯಲು ಸಾಧ್ಯವಿರುವಲ್ಲಿ ಹೆಸರಿನ ತೂಕ ಕಡಿಮೆಯಾಗುತ್ತದೆ. ‘ನಡೆನುಡಿ’, ‘ಮನೆತನ’ಗಳನ್ನು ಅಂದಾಜು ಮಾಡಬೇಕಾದಲ್ಲಿ ಏರುತ್ತದೆ ಎಂದು ಇದರಿಂದ ಊಹಿಸಬಹುದು.

ವ್ಯಾಪಾರಿಗಳಿಗೆ ಇನ್ನಷ್ಟು ಹತ್ತಿರದ ಉದಾಹರಣೆಯೊಂದಿದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ವ್ಯಾಸಂಗ ಮಾಡಿದ ಡಾ. ಬಿ.ಆರ್. ಅಂಬೇಡ್ಕರರು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಯನ್ನು ಬಿಟ್ಟು ಬರಬೇಕಾಯಿತು. ವಾಸಕ್ಕೆ ಮನೆ ಕೊಡುವವರು ಅಲ್ಲಿರಲಿಲ್ಲ. ಅನಂತರ ಮುಂಬಯಿಯಲ್ಲಿ ಅವರು ಹೂಡಿಕೆಯ ಬಗ್ಗೆ ಸಲಹೆ ನೀಡುವ ವ್ಯವಹಾರವನ್ನು ಆರಂಭಿಸಿದರು. ಸಲಹೆಗಾರರು ಅಸ್ಪೃಶ್ಯರೆಂದು ತಿಳಿದೊಡನೆ ಗಿರಾಕಿಗಳು ದೂರವಾದರು; ವ್ಯವಹಾರ ಮುಚ್ಚಿತು. ದೇಶದ ಅತ್ಯುತ್ತಮ ಅರ್ಥಶಾಸ್ತ್ರಜ್ಞರಲ್ಲಿ ಒಬ್ಬರ ಸಲಹೆಯನ್ನು ಆ ಗಿರಾಕಿಗಳು ಕಳೆದುಕೊಂಡರು. ಈ ನಷ್ಟ ಯಾವ ಜಮಾ-ಖರ್ಚಿನಲ್ಲಿಯೂ ಕಾಣುವುದಿಲ್ಲ.

ಮಾಲೀಕರ ಪಕ್ಷದಲ್ಲಿಯೂ ಒಂದು ಮಾತಿದೆ, ಅದನ್ನು ತಳ್ಳಿಹಾಕಲಾಗದು. ಸಣ್ಣ ಉದ್ಯಮದಲ್ಲಿ ಗುಮಾಸ್ತರ ಕೈಯಲ್ಲಿ ನಗದು, ಚೆಕ್ ಪುಸ್ತಕ, ಬ್ಯಾಂಕಿನ ಓಟಿಪಿ ಎಲ್ಲವೂ ಇರುತ್ತದೆ. ಗುರುತಿನವರ ಮಗನಾದರೆ ನಾಳೆ ಹೆಚ್ಚು ಕಡಿಮೆಯಾದಾಗ ಕೇಳಲು ಒಂದು ಮನೆಯಿದೆ ಎಂಬುದು ಹಳೆಯ ಭರವಸೆ. ಆದರೆ ಗುರುತು ಬೇರೆ, ಅಡ್ಡಹೆಸರು ಬೇರೆ. ಪರಿಚಯವೇ ಇಲ್ಲದ ವ್ಯಕ್ತಿಯ ಅಡ್ಡಹೆಸರು ಯಾವ ಜಾಮೀನನ್ನೂ ನೀಡುವುದಿಲ್ಲ. ಹಣ ದುರುಪಯೋಗವಾಗುವುದು ನಗದು ಮುಟ್ಟುವವರೂ ಪುಸ್ತಕ ಬರೆಯುವವರೂ ಒಬ್ಬರೇ ಆಗಿ, ತಾಳೆ ನೋಡುವವರು ಇಲ್ಲದಿರುವಲ್ಲಿ. ಆ ಎರಡು ಕೆಲಸಗಳನ್ನು ಬೇರ್ಪಡಿಸುವುದು, ವಾರಕ್ಕೊಮ್ಮೆ ಮಾಲೀಕರೇ ನಗದು ಎಣಿಸುವುದು, ಅಗತ್ಯವಿದ್ದರೆ ನೌಕರರ ವಂಚನೆಯ ವಿರುದ್ಧ ವಿಮೆ ಮಾಡಿಸುವುದು ಮನೆತನದ ವಿಚಾರಣೆಗಿಂತ ಗಟ್ಟಿಯಾದ ಭದ್ರತೆ.

ಕಾಯ್ದೆಯ ವಿಷಯವೂ ಇದೆ. ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶವನ್ನು ಸಂವಿಧಾನದ 16ನೆಯ ವಿಧಿ ನೀಡುತ್ತದೆ. ಅದು ಖಾಸಗಿ ಮಾಲೀಕರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಹಾಗೆಂದು ಖಾಸಗಿಯವರು ಪೂರ್ಣ ಸ್ವತಂತ್ರರಲ್ಲ. ಅಸ್ಪೃಶ್ಯತೆಯ ಕಾರಣದಿಂದ ಉದ್ಯೋಗಕ್ಕೆ ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಮನಸ್ಸಿನೊಳಗೇ ನಡೆದುಹೋಗುವ ವಿಂಗಡಣೆಯನ್ನು ಯಾವ ಇನ್‌ಸ್ಪೆಕ್ಟರೂ ಹಿಡಿಯಲಾರರು. ಅದನ್ನು ಮಾಲೀಕರೇ ಕಟ್ಟುಮಾಡಬೇಕು.

ಮಾರ್ಗ ಸರಳವಾಗಿದೆ. ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆ ತಿದ್ದುವವರಿಗೆ ವಿದ್ಯಾರ್ಥಿಯ ಹೆಸರು ತಿಳಿಯುವುದಿಲ್ಲ. ಅದೇ ಪದ್ಧತಿಯನ್ನು ಕಚೇರಿಗೆ ತಂದರಾಯಿತು. ಮನೆಯ ಇನ್ನೊಬ್ಬರಿಂದ ಅರ್ಜಿಗಳಿಗೆ ಕ್ರಮಸಂಖ್ಯೆ ಹಾಕಿಸಿ, ಹೆಸರು, ಭಾವಚಿತ್ರ, ವಿಳಾಸಗಳ ಮೇಲೆ ಕಾಗದದ ಪಟ್ಟಿ ಅಂಟಿಸಬೇಕು. ಓಣಿಯ ಹೆಸರೂ ಅಡ್ಡಹೆಸರಿನಷ್ಟೇ ಮಾತನಾಡುತ್ತದೆ ಎಂಬುದನ್ನು ಈ ಊರಿನವರಿಗೆ ಹೇಳಬೇಕಿಲ್ಲ. ಬಳಿಕ ಅರ್ಹರೆಲ್ಲರಿಗೂ ಒಂದು ಗಂಟೆಯ ಕೆಲಸ ಕೊಡಬೇಕು: ಒಂದು ತಿಂಗಳ ನೂಲು ಖರೀದಿಯ ಬಿಲ್ಲುಗಳು, ಅದೇ ತಿಂಗಳ ಜಿ.ಎಸ್.ಟಿ.ಆರ್.-2ಬಿ, ಬ್ಯಾಂಕಿನ ಖಾತೆ ವಿವರ. 2022ರ ಜನವರಿಯಿಂದ, 2ಬಿಯಲ್ಲಿ ಕಾಣದ ಬಿಲ್ಲಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಬಿಟ್ಟುಹೋದ ಬಿಲ್ಲನ್ನು ಹುಡುಕಿ, ಸರಬರಾಜುದಾರರಿಗೆ ಫೋನು ಮಾಡಬೇಕೆಂದು ಬದಿಯಲ್ಲಿ ಬರೆದಿಟ್ಟವರು ಯಾರೆಂಬುದು ಉತ್ತರಗಳಲ್ಲಿಯೇ ತಿಳಿಯುತ್ತದೆ. ಅಂಕಗಳನ್ನು ಶಾಯಿಯಲ್ಲಿ ಬರೆದು, ಸಹಿ ಮಾಡಿದ ಮೇಲೆಯೇ ಅಂಟಿಸಿದ ಪಟ್ಟಿಗಳನ್ನು ಬಿಡಿಸಬೇಕು.