ಕಂಪ್ಯೂಟರ್ ಅಂಗಡಿಯ ಮಾತುಗಳು

ನಮ್ಮ ವಾಚನಾಲಯದ ಮೂಲೆಯಲ್ಲಿ ಕಂಪ್ಯೂಟರೊಂದನ್ನು ಇರಿಸಿದಂದಿನಿಂದ, ಪತ್ರಿಕೆ ಓದಲು ಬರುವವರು ಅದರ ವಿಷಯವಾಗಿಯೂ ಪ್ರಶ್ನೆ ಕೇಳುವುದು ವಾಡಿಕೆಯಾಗಿದೆ. ರ್‍ಯಾಮ್ ಎಂದರೇನು, ಹಾರ್ಡ್ ಡಿಸ್ಕ್ ಎಂದರೇನು, ವೈಫೈ ಬೇರೆ ಇಂಟರ್ನೆಟ್ ಬೇರೆಯೇ, ಕ್ಲೌಡ್ ಎಂಬುದು ಎಲ್ಲಿದೆ, ಇವೇ ಹೆಚ್ಚಾಗಿ ಕೇಳಿಬರುವ ಪ್ರಶ್ನೆಗಳು. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದುದನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ನಾನು ಎಂಜಿನಿಯರನಲ್ಲ, ಗಿರಣಿಯ ಲೆಕ್ಕ ಬರೆಯುವ ಗುಮಾಸ್ತ. ಆದರೆ ಈ ಪದಗಳ ಅರ್ಥ ತಿಳಿಯಲು ಎಂಜಿನಿಯರನಾಗಬೇಕಾಗಿಲ್ಲ. ತಿಳಿಯದಿದ್ದರೆ ಕೈಯ ಹಣ ಹೋಗುವುದು ಮಾತ್ರ ನಮ್ಮಂತಹ ತಿಂಗಳ ಸಂಬಳದವರದೇ.

ಹೋಟೆಲಿನ ಕ್ಯಾಶಿನಲ್ಲಿ ಕೂರುವ ನಮ್ಮ ಓದುಗರೊಬ್ಬರು ಮಗನ ಓದಿಗೆಂದು ಅಂಗಡಿಯೊಂದರಿಂದ ಹಳೆಯ ಕಂಪ್ಯೂಟರ್ ತಂದರು. “ಮೆಮೊರಿ 500 ಜಿಬಿ ಉಂಟಂತೆ ಮಾರಾಯ್ರೆ, ಆದರೂ ಒಂದು ಪುಟ ತೆರೆಯಲಿಕ್ಕೆ ಒಂದು ಚಾ ಕುಡಿಯುವಷ್ಟು ಹೊತ್ತು ಬೇಕು” ಎಂದು ಅವರ ದೂರು. ಅಂಗಡಿಯವನನ್ನು ಕೇಳಿದರೆ, ನಿಮ್ಮ ನೆಟ್ ನಿಧಾನ, ದೊಡ್ಡ ಪ್ಲಾನ್ ಹಾಕಿಸಿ ಎಂದನಂತೆ. ಹಾಕಿಸಿದರು. ಯಂತ್ರ ಮೊದಲಿನಂತೆಯೇ ಉಳಿಯಿತು. ತೆರೆದು ನೋಡಿದಾಗ ತಿಳಿದದ್ದು ಇಷ್ಟು: 500 ಎಂಬುದು ಡಿಸ್ಕಿನ ಅಳತೆ, ನಿಜವಾದ ಮೆಮೊರಿ ಬರೇ 2 ಜಿಬಿ. ಅಂಗಡಿಯವನು ಹೇಳಿದ ಅಂಕೆ ಸುಳ್ಳಲ್ಲ, ಅದಕ್ಕೆ ಕೊಟ್ಟ ಹೆಸರು ಮಾತ್ರ ತಪ್ಪು. ಈ ಒಂದು ಹೆಸರಿನ ಗೊಂದಲವನ್ನು ಬಿಡಿಸಿಕೊಂಡರೆ ಅರ್ಧ ಕಂಪ್ಯೂಟರ್ ಅರ್ಥವಾದಂತೆಯೇ.

ಗಿರಣಿಯ ಕಚೇರಿಯನ್ನೇ ಕಣ್ಣ ಮುಂದೆ ತಂದುಕೊಳ್ಳಿರಿ. ಒಬ್ಬ ಗುಮಾಸ್ತ, ಅವನ ಮುಂದೆ ಒಂದು ಮೇಜು, ಹಿಂದೆ ಕಡತಗಳ ಬೀರು. ಲೆಕ್ಕ ಮಾಡುವವನು ಗುಮಾಸ್ತ. ಕಂಪ್ಯೂಟರಿನಲ್ಲಿ ಇವನೇ ಪ್ರೊಸೆಸರ್. ಮೇಜೇ ರ್‍ಯಾಮ್, ಅಂದರೆ ಮೆಮೊರಿ. ಬೀರುವೇ ಡಿಸ್ಕ್. ಗುಮಾಸ್ತನು ಬೀರುವಿನಲ್ಲಿಯೇ ಕೈಹಾಕಿ ಲೆಕ್ಕ ಬರೆಯುವುದಿಲ್ಲ. ಬೇಕಾದ ಕಡತವನ್ನು ತೆಗೆದು ಮೇಜಿನ ಮೇಲೆ ಹರಡಿಕೊಂಡು ಬರೆಯುತ್ತಾನೆ. ಯಂತ್ರವೂ ಹಾಗೆಯೇ. ಮೇಜು ಚಿಕ್ಕದಾದರೆ ಒಂದು ಕಡತವನ್ನು ತೆರೆಯಲು ಇನ್ನೊಂದನ್ನು ಬೀರುವಿಗೆ ಹಿಂತಿರುಗಿಸಬೇಕು, ಮತ್ತೆ ಅದು ಬೇಕಾದಾಗ ಎದ್ದು ಹೋಗಿ ತರಬೇಕು. ಗುಮಾಸ್ತ ಎಷ್ಟೇ ಚುರುಕಾಗಿರಲಿ, ದಿನವೆಲ್ಲ ಓಡಾಟದಲ್ಲಿಯೇ ಕಳೆಯುತ್ತದೆ. ನಮ್ಮ ಓದುಗರ ಮನೆಯಲ್ಲಿ ಆದದ್ದು ಇದೇ. ಬೀರು ದೊಡ್ಡದಿತ್ತು, ಮೇಜು ಪೀಠದಷ್ಟಿತ್ತು. ರಸ್ತೆಯನ್ನು ಅಗಲ ಮಾಡಿಸಿದರೆ ಮೇಜು ದೊಡ್ಡದಾಗುವುದುಂಟೆ?

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯವಾದುದು. ವಿದ್ಯುತ್ತು ಹೋದೊಡನೆ ಮೇಜಿನ ಮೇಲಿದ್ದುದೆಲ್ಲ ಗುಡಿಸಿಹಾಕಿದಂತೆ ಮಾಯವಾಗುತ್ತದೆ, ಬೀರುವಿನಲ್ಲಿದ್ದುದು ಉಳಿಯುತ್ತದೆ. ಬರೆದುದನ್ನು ‘ಸೇವ್’ ಮಾಡುವುದೆಂದರೆ ಮೇಜಿನ ಮೇಲಿನ ಹಾಳೆಯನ್ನು ಬೀರುವಿಗೆ ಸೇರಿಸುವುದು. ಕೆಲವು ತಂತ್ರಾಂಶಗಳು ನಡುನಡುವೆ ತಾವಾಗಿಯೇ ಒಂದು ಪ್ರತಿಯನ್ನು ತೆಗೆದಿಡುತ್ತವೆ; ಆದರೆ ಅದನ್ನು ನಂಬಿಕೊಂಡು ಕೂರುವುದು ಬೇಡ. ಕಂಟ್ರೋಲ್ ಮತ್ತು ಎಸ್ ಗುಂಡಿಗಳನ್ನು ಒಟ್ಟಿಗೆ ಒತ್ತಲು ಒಂದು ಗಳಿಗೆ ಸಾಕು.

ಬೀರುಗಳಲ್ಲಿಯೂ ಎರಡು ಬಗೆ. ಹಾರ್ಡ್ ಡಿಸ್ಕಿನೊಳಗೆ ಲೋಹದ ಲೇಪವಿರುವ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. ಒಂದು ಸಣ್ಣ ಕೈ ಅವುಗಳ ಮೇಲೆ ಅತ್ತಿತ್ತ ಆಡಿ ಓದುತ್ತದೆ. ಓಡುತ್ತಿರುವಾಗ ಕೆಳಗೆ ಬಿದ್ದರೆ ಕೆಡುವುದು ಇದರಿಂದಲೇ. ಎಸ್‌ಎಸ್‌ಡಿ ಎಂಬ ಹೊಸ ಬಗೆಯಲ್ಲಿ ತಿರುಗುವ ಭಾಗವೇ ಇಲ್ಲ, ವೇಗವೂ ಬಹಳ ಹೆಚ್ಚು. ಹಳೆಯ ಯಂತ್ರದ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಮೆಮೊರಿಯನ್ನು 8 ಜಿಬಿಗೆ ಏರಿಸಿದರೆ, ಕಚೇರಿ ಕೆಲಸಕ್ಕೂ ಮಕ್ಕಳ ಓದಿಗೂ ಅದು ಇನ್ನಷ್ಟು ವರ್ಷ ಬಾಳುತ್ತದೆ. ಮೆಮೊರಿಯ ಪಟ್ಟಿ ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ಡಿಡಿಆರ್3, ಡಿಡಿಆರ್4 ಎಂದು ತಲೆಮಾರುಗಳಿವೆ, ನೋಡಲು ಒಂದೇ ತೆರನಾಗಿದ್ದರೂ ಒಂದರ ಗೂಡಿನಲ್ಲಿ ಇನ್ನೊಂದು ಕೂರುವುದಿಲ್ಲ. ಹಳೆಯ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಲ್ಯಾಮಿಂಗ್ಟನ್ ರಸ್ತೆಗೆ ಹೋಗುವುದು ಮೇಲು.

ಈ ಜಿಬಿ ಎಂಬ ಅಳತೆ ಯಾವುದು? ಕಂಪ್ಯೂಟರಿಗೆ ತಿಳಿಯುವುದು ಎರಡೇ ಸಂಗತಿ: ದೀಪ ಹತ್ತಿದೆ, ಅಥವಾ ಆರಿದೆ. ಇಂತಹ ಒಂದು ದೀಪಕ್ಕೆ ಬಿಟ್ ಎಂದು ಹೆಸರು. 8 ಬಿಟ್ ಕೂಡಿದರೆ ಒಂದು ಬೈಟ್. ಸುಮಾರು ಸಾವಿರ ಬೈಟಿಗೆ ಕೆಬಿ, ಸಾವಿರ ಕೆಬಿಗೆ ಎಂಬಿ, ಸಾವಿರ ಎಂಬಿಗೆ ಜಿಬಿ. ‘ಸುಮಾರು’ ಎಂದದ್ದಕ್ಕೆ ಕಾರಣವಿದೆ. ಡಿಸ್ಕ್ ತಯಾರಿಸುವವರು ಸಾವಿರವನ್ನು ಸರಿಯಾಗಿ 1,000 ಎಂದು ಎಣಿಸಿದರೆ, ವಿಂಡೋಸ್ 1,024 ಎಂದು ಎಣಿಸುತ್ತದೆ. ಆದುದರಿಂದಲೇ 500 ಜಿಬಿ ಎಂದು ಕೊಂಡ ಡಿಸ್ಕು ಪರದೆಯ ಮೇಲೆ 465 ಎಂದು ಕಾಣುತ್ತದೆ. ಇಲ್ಲಿ ಅಂಗಡಿಯವನೊಡನೆ ಜಗಳಕ್ಕೆ ಹೋಗಬಾರದು. ಹಿಂದೆ ಊರಿಂದೂರಿಗೆ ಸೇರಿನ ಅಳತೆ ಬೇರೆಯಾಗಿದ್ದಂತೆ ಇದು.

ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಟ್ಟಿ, 1960ರಲ್ಲಿ ಕೆಲಸಕ್ಕೆ ತೊಡಗಿಸಿದ ಟಿಫ್ರ್ಯಾಕ್ ಎಂಬ ಕಂಪ್ಯೂಟರಿನ ಮೆಮೊರಿ, ತಲಾ 40 ಬಿಟ್‌ಗಳ 2,048 ಮನೆಗಳು. ಗುಣಿಸಿ ನೋಡಿದರೆ ಸರಿಯಾಗಿ 10 ಕೆಬಿ. ಅದರಲ್ಲಿ ಈ ಲೇಖನ ಪೂರ್ತಿ ಹಿಡಿಸುತ್ತಿರಲಿಲ್ಲ. ಈಗಿನ 8 ಜಿಬಿ ಅದರ ಎಂಟು ಲಕ್ಷ ಪಾಲಿಗೂ ಮಿಗಿಲು.

ಇಷ್ಟೂ ಕೈಗೆ ಸಿಗುವ ವಸ್ತುಗಳ ಮಾತಾಯಿತು. ಇವೆಲ್ಲಕ್ಕೂ ಹಾರ್ಡ್‌ವೇರ್ ಅಥವಾ ಯಂತ್ರಾಂಶ ಎಂದು ಹೆಸರು. ಸಾಫ್ಟ್‌ವೇರ್, ಅಂದರೆ ತಂತ್ರಾಂಶ, ಕೈಗೆ ಸಿಗುವುದಿಲ್ಲ. ನೇಯ್ಗೆಯವರಿಗೆ ಇದನ್ನು ತಿಳಿಸುವುದು ಬಲು ಸುಲಭ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ಎಂಬಾತ 1804ರ ಸುಮಾರಿಗೆ ಹೊರತಂದ ಮಗ್ಗದಲ್ಲಿ, ತೂತು ಕೊರೆದ ರಟ್ಟುಗಳ ಸರವೊಂದು ಮೇಲಿನಿಂದ ಇಳಿದುಬರುತ್ತಿತ್ತು. ತೂತು ಇದ್ದಲ್ಲಿ ಹಾಸಿನ ನೂಲು ಮೇಲೇಳುವುದು, ಇಲ್ಲದಲ್ಲಿ ಏಳದು. ರಟ್ಟಿನ ಸರ ಬದಲಿಸಿದರೆ ಅದೇ ಮಗ್ಗದಲ್ಲಿ ಹೂವಿನ ಬದಲು ಹಂಸ ಮೂಡುತ್ತದೆ. ಮಗ್ಗ ಯಂತ್ರಾಂಶ, ರಟ್ಟುಗಳಲ್ಲಿ ಅಡಗಿದ ಅಪ್ಪಣೆಯೇ ತಂತ್ರಾಂಶ. ಇದು ಬರೇ ಹೋಲಿಕೆಯಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಾನು ಕಟ್ಟಬಯಸಿದ ಲೆಕ್ಕದ ಯಂತ್ರಕ್ಕೆ ಈ ರಟ್ಟುಗಳ ಉಪಾಯವನ್ನೇ ತೆಗೆದುಕೊಂಡನು. ಅಮೆರಿಕದ 1890ರ ಜನಗಣತಿಯ ಲೆಕ್ಕವೂ ತೂತು ಕೊರೆದ ರಟ್ಟುಗಳಿಂದಲೇ ನಡೆಯಿತು. ಗಿರಣಿಯವರಾದ ನಾವು ಕಂಪ್ಯೂಟರಿಗೆ ದೂರದ ನೆಂಟರು ಎನ್ನಲು ಅಡ್ಡಿಯಿಲ್ಲ.

ತಂತ್ರಾಂಶಗಳಲ್ಲಿ ಹಿರಿಯದು ಆಪರೇಟಿಂಗ್ ಸಿಸ್ಟಮ್. ಇದು ಖಾತೆಯ ಮುಕಾದಮನಿದ್ದಂತೆ: ಯಾರಿಗೆ ಯಾವ ಮಗ್ಗ, ಎಷ್ಟು ನೂಲು, ಯಾರ ಸರದಿ ಯಾವಾಗ ಎಂದು ಹಂಚುವುದೇ ಅದರ ಕೆಲಸ. ವಿಂಡೋಸ್, ಲಿನಕ್ಸ್, ಮೊಬೈಲಿನ ಆಂಡ್ರಾಯ್ಡ್, ಇವೆಲ್ಲ ಈ ಜಾತಿಗೆ ಸೇರಿದವು. ಕಾಗದ ಬರೆಯುವ, ಲೆಕ್ಕ ಹಾಕುವ, ಚಿತ್ರ ತೋರಿಸುವ ಉಳಿದ ತಂತ್ರಾಂಶಗಳೆಲ್ಲ ಇದರ ಕೈಕೆಳಗೆ. ಹಳೆಯ ಯಂತ್ರ ಕೊಳ್ಳುವವರು ಗಮನಿಸಬೇಕಾದ ಸಂಗತಿಯೊಂದಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಕ್ರಮವಾಗಿ ಓಡಬೇಕಾದರೆ, ಇಂಟೆಲ್ ಪ್ರೊಸೆಸರ್ ಬಹುಮಟ್ಟಿಗೆ ಎಂಟನೆಯ ತಲೆಮಾರಿನದೋ ಅದಕ್ಕೂ ಈಚಿನದೋ ಆಗಿರಬೇಕು. ‘ಐ5’ ಎಂದಷ್ಟೇ ಹೇಳಿ ಮಾರುವವರಿದ್ದಾರೆ. ಎಷ್ಟನೆಯ ತಲೆಮಾರಿನ ಐ5 ಎಂದು ಕೇಳಿರಿ. ಯಂತ್ರ ಅದಕ್ಕಿಂತ ಹಳೆಯದಾದರೆ, ಕಾಸು ಕೊಡದೆ ಸಿಗುವ ಲಿನಕ್ಸ್ ಹಾಕಿಸಿಕೊಳ್ಳಬಹುದು. ಬೀಗ ಒಡೆದ ಕಳ್ಳ ಪ್ರತಿಗಳನ್ನು ಹಾಕಿಕೊಡುವೆನೆನ್ನುವವರನ್ನು ದೂರವಿಡಿರಿ, ಬೀಗ ಒಡೆದವನು ಒಳಗೆ ಇನ್ನೇನನ್ನು ಇಟ್ಟುಹೋದನೋ ಬಲ್ಲವರಾರು.

ಕನ್ನಡಿಗರಿಗೆಂದೇ ಹೇಳಬೇಕಾದ ಮಾತೊಂದಿದೆ. ಊರಿನ ತಾಲ್ಲೂಕು ಕಚೇರಿಗೆ ಕನ್ನಡದಲ್ಲಿ ಅರ್ಜಿ ಟೈಪು ಮಾಡಿಸಿ ಇಮೇಲಿನಲ್ಲಿ ಕಳುಹಿಸಿದರೆ, ಅಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಸವಾಗಿ ತೆರೆದುಕೊಂಡ ಅನುಭವ ಹಲವರಿಗಿದೆ. ಕಾರಣ ಇದು: ಮೊದಮೊದಲು ಕಂಪ್ಯೂಟರಿನಲ್ಲಿ ಕನ್ನಡಕ್ಕೆಂದು ಪ್ರತ್ಯೇಕ ಸ್ಥಾನವಿರಲಿಲ್ಲ, ಇಂಗ್ಲಿಷ್ ಅಕ್ಷರಗಳ ಆಸನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದರು. ಆ ಆಕಾರಗಳ ಕಟ್ಟಿಗೇ ಫಾಂಟ್ ಎನ್ನುವುದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಇಂಗ್ಲಿಷ್ ಅಕ್ಷರವೇ ಎದ್ದು ನಿಲ್ಲುತ್ತದೆ. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಪದ್ಧತಿಯು ಲೋಕದ ಲಿಪಿಗಳಿಗೆಲ್ಲ ಸ್ವಂತ ಸಂಖ್ಯೆಗಳನ್ನು ಕೊಡಹೊರಟಿತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು ಮೀಸಲು. ‘ಅ’ ಎಂದರೆ 3205, ‘ಕ’ ಎಂದರೆ 3221. ಯಾವ ದೇಶದ ಯಾವ ಯಂತ್ರದಲ್ಲಿ ತೆರೆದರೂ ಇದು ಬದಲಾಗದು. ಒಂದೊಂದು ಕನ್ನಡ ಚಿಹ್ನೆಗೂ ಸಾಮಾನ್ಯವಾಗಿ 3 ಬೈಟ್ ಜಾಗ ಹಿಡಿಯುತ್ತದೆ. ‘ಕನ್ನಡ’ ಎಂಬ ಪದಕ್ಕೆ ಒತ್ತಿನ ಚಿಹ್ನೆಯೂ ಸೇರಿ ಐದು ಸಂಖ್ಯೆ, 15 ಬೈಟ್. ಟೈಪಿಂಗ್ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: “ಇದು ಯೂನಿಕೋಡಿನಲ್ಲಿದೆಯೆ?” ನುಡಿ, ಬರಹ ಎಂಬ ಹೆಸರುವಾಸಿ ತಂತ್ರಾಂಶಗಳ ಈಚಿನ ಆವೃತ್ತಿಗಳಲ್ಲಿ ಎರಡೂ ಕ್ರಮಗಳಿವೆ, ಹೇಳಿ ಮಾಡಿಸಿಕೊಳ್ಳಬೇಕು. ಹಳೆಯ ಕ್ರಮದಲ್ಲಿ ಆಗಿಹೋಗಿದ್ದರೆ ಅದನ್ನು ಪಿಡಿಎಫ್ ಮಾಡಿಸಿ ಕಳುಹಿಸಿರಿ, ಫಾಂಟ್ ಅದರೊಳಗೇ ಕಟ್ಟಿಕೊಂಡು ಹೋಗುತ್ತದೆ.

ಇನ್ನು ಜಾಲದ ಮಾತು. ಎರಡು ಯಂತ್ರಗಳು ತಮ್ಮೊಳಗೆ ಮಾತಾಡುವಂತೆ ಜೋಡಿಸಿದರೆ ಅದೇ ನೆಟ್‌ವರ್ಕ್. ಇಂತಹ ಜಾಲಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡ ಮಹಾಜಾಲವೇ ಇಂಟರ್ನೆಟ್. ವೈಫೈ ಎಂಬುದು ಇಂಟರ್ನೆಟ್ ಅಲ್ಲ. ಮನೆಯೊಳಗೆ ತಂತಿಯಿಲ್ಲದೆ ಹಂಚುವ ಏರ್ಪಾಡು ಮಾತ್ರ. ಚಾಳಿನ ನಲ್ಲಿಯನ್ನು ನೆನೆಯಿರಿ: ಬೀದಿಯ ದೊಡ್ಡ ಕೊಳವೆ ಇಂಟರ್ನೆಟ್, ಅದರಿಂದ ಕವಲೊಡೆದು ಕೋಣೆಕೋಣೆಗೆ ಹಂಚುವ ಪೆಟ್ಟಿಗೆ ರೌಟರ್, ಅಲ್ಲಿಂದ ನಿಮ್ಮ ಕೊಡದವರೆಗಿನ ದಾರಿ ವೈಫೈ. ನೀರು ಬಾರದಿದ್ದಾಗ ಕೆಟ್ಟಿರುವುದು ಬೀದಿಯ ಕೊಳವೆಯೋ ಮನೆಯ ನಲ್ಲಿಯೋ ಎಂದು ಮೊದಲು ನೋಡುವುದಿಲ್ಲವೆ? ಹಾಗೆಯೇ ಯಂತ್ರವನ್ನು ರೌಟರಿನ ಪಕ್ಕಕ್ಕೆ ಒಯ್ದು, ಸಾಧ್ಯವಾದರೆ ತಂತಿಯಿಂದಲೇ ಜೋಡಿಸಿ ನೋಡಬೇಕು. ಅಲ್ಲಿ ವೇಗವಿದ್ದು ಒಳಕೋಣೆಯಲ್ಲಿ ಇಲ್ಲವೆಂದರೆ ದೋಷ ಗೋಡೆಗಳದು. ಹೆಚ್ಚು ಹಣದ ಪ್ಲಾನ್ ಹಾಕಿಸಿ ಫಲವಿಲ್ಲ.

ವೇಗದ ಅಂಕೆಯಲ್ಲಿಯೂ ಒಂದು ತೊಡಕಿದೆ. ಜಾಹೀರಾತಿನ ‘40 ಎಂಬಿಪಿಎಸ್’ ಎಂಬುದು ಸೆಕೆಂಡಿಗೆ 40 ಮೆಗಾಬಿಟ್, ಮೆಗಾಬೈಟ್ ಅಲ್ಲ. ಎಂಟರಿಂದ ಭಾಗಿಸಿರಿ: ಸೆಕೆಂಡಿಗೆ 5 ಮೆಗಾಬೈಟ್. 700 ಎಂಬಿಯ ಸಿನಿಮಾ ಇಳಿಯಲು ಎಲ್ಲ ಸರಿಯಿದ್ದರೂ 140 ಸೆಕೆಂಡು ಬೇಕು.

ಸರ್ವರ್ ಎಂದರೆ ಕೇಳಿದವರಿಗೆಲ್ಲ ಬಡಿಸಲು ಹಗಲಿರುಳು ಎಚ್ಚರವಾಗಿರುವ ಕಂಪ್ಯೂಟರ್. ಕ್ಲೌಡ್ ಎಂದರೆ ಮೋಡವೂ ಅಲ್ಲ, ಮಾಯೆಯೂ ಅಲ್ಲ. ಅಂತಹ ಯಾರದೋ ಸರ್ವರುಗಳಲ್ಲಿ ನಮಗಾಗಿ ಬಿಟ್ಟುಕೊಟ್ಟ ಬೀರುವಿನ ಒಂದು ಅರೆ. ಗೂಗಲ್ ಖಾತೆಗೆ 15 ಜಿಬಿ ಬಿಟ್ಟಿಯಾಗಿ ಸಿಗುವುದು ಇಂತಹ ಅರೆಯೇ. ಫೋನು ಕಳೆದರೂ ಅಲ್ಲಿಟ್ಟ ಚಿತ್ರಗಳೂ ದಾಖಲೆಗಳೂ ಉಳಿಯುತ್ತವೆ. ಪಾಸ್‌ವರ್ಡ್ ಮರೆತರೆ ಮಾತ್ರ ಬೀರುವಿನ ಕೀಲಿ ಕಳೆದಂತೆ. ಇನ್ನು ಬ್ರೌಸರಿನಲ್ಲಿ ವಿಳಾಸದ ಮೊದಲಿಗೆ ‘ಎಚ್‌ಟಿಟಿಪಿಎಸ್’ ಎಂದೋ ಬೀಗದ ಗುರುತೋ ಕಂಡರೆ, ದಾರಿಯಲ್ಲಿ ಯಾರೂ ನಿಮ್ಮ ಮಾತನ್ನು ಕದ್ದು ಓದಲಾರರೆಂದು ಅರ್ಥ. ದಾರಿಯ ಕೊನೆಯಲ್ಲಿ ಕೂತಿರುವವನು ಪ್ರಾಮಾಣಿಕನೆಂದು ಅರ್ಥವಲ್ಲ. ಕಳ್ಳರ ತಾಣಗಳಿಗೂ ಈ ಬೀಗ ಸಿಗುತ್ತದೆ. ಬ್ಯಾಂಕಿನ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿರಿ. ಹಣ ಹೋದುದು ಗೊತ್ತಾದೊಡನೆ 1930 ಎಂಬ ಸಂಖ್ಯೆಗೆ ಫೋನು ಮಾಡಿರಿ. ತಡಮಾಡಿದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ.

ಹಳೆಯ ಯಂತ್ರ ಕೊಳ್ಳಹೊರಟವರು ಹಣ ಎಣಿಸುವ ಮುನ್ನ ಅದನ್ನು ಅಂಗಡಿಯಲ್ಲಿಯೇ ಚಾಲೂ ಮಾಡಿಸಿ, ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಅಬೌಟ್ ಎಂಬಲ್ಲಿ ಒತ್ತಿಸಿ ನೋಡತಕ್ಕದ್ದು. ಪ್ರೊಸೆಸರಿನ ಹೆಸರೂ ರ್‍ಯಾಮಿನ ಅಳತೆಯೂ ಅಲ್ಲಿ ಬರೆದಿರುತ್ತವೆ. ಅದನ್ನೇ ರಸೀತಿಯಲ್ಲಿ ಬರೆಸಿಕೊಳ್ಳಿರಿ. ಮೇಲೆ ಹೇಳಿದ ಹೋಟೆಲಿನ ಓದುಗರು ರಸೀತಿಯಲ್ಲಿ ‘ಕಂಪ್ಯೂಟರ್ 1’ ಎಂದಷ್ಟೇ ಇದ್ದುದರಿಂದ ಅಂಗಡಿಗೆ ಹಿಂತಿರುಗಿ ಹೋಗಲಾರದಾದರು. ಮೆಮೊರಿಯನ್ನು ಹೆಚ್ಚಿಸಿ, ದೊಡ್ಡ ಪ್ಲಾನನ್ನು ಬಿಡಿಸಿದ ಮೇಲೆ ಹುಡುಗನ ಪಾಠಗಳು ಈಗ ತಡೆಯಿಲ್ಲದೆ ತೆರೆಯುತ್ತಿವೆ.

ವಾಚನಾಲಯದ ಯಂತ್ರವನ್ನು ಬಳಸುವವರಲ್ಲಿ ಒಂದು ಬಿನ್ನಹ. ಅರ್ಜಿ, ಆಧಾರ್ ಪ್ರತಿ, ಸಂಬಳದ ಚೀಟಿ ಮುಂತಾದುವನ್ನು ಕೆಲಸ ಮುಗಿದ ಮೇಲೆ ಅದರಲ್ಲಿ ಉಳಿಸಿ ಹೋಗಬೇಡಿರಿ. ಅಳಿಸಿದ ಕಡತವು ರೀಸೈಕಲ್ ಬಿನ್ ಎಂಬ ಬುಟ್ಟಿಯಲ್ಲಿ ಕುಳಿತಿರುತ್ತದೆ, ಅದನ್ನೂ ಬರಿದು ಮಾಡಿರಿ. ಇಮೇಲ್ ತೆರೆದಿದ್ದರೆ ಬರೇ ಕಿಟಕಿ ಮುಚ್ಚಿದರೆ ಸಾಲದು, ‘ಸೈನ್ ಔಟ್’ ಒತ್ತಿಯೇ ಏಳಬೇಕು. ರಾತ್ರಿ ಬಾಗಿಲು ಹಾಕುವಾಗ ಹೀಗೆ ಬಿಟ್ಟುಹೋದ ಖಾತೆಗಳನ್ನು ಮುಚ್ಚುವುದು ಸ್ವಯಂಸೇವಕರಿಗೆ ನಿತ್ಯದ ಕೆಲಸವಾಗಿದೆ.