ಡಿಆರ್‌ಎಸ್ ಮೋಸನಾ, ಮಳೆ ನ್ಯಾಯನಾ? ಫಾರ್ಮುಲಾ ಒನ್ ಅಭಿಮಾನಿಗಳ ಮುಗಿಯದ ಜಗಳ

ಫಾರ್ಮುಲಾ ಒನ್ ನೋಡೋ ನಾಲ್ಕು ಜನ ಸೇರಿದ್ರೆ ಎರಡು ಮಾತು ಬಂದೇ ಬರುತ್ತೆ. ಒಂದು, "ಬಟನ್ ಒತ್ತಿ ಮುಂದೆ ಹೋಗೋದೂ ಒಂದು ಓವರ್‌ಟೇಕಾ?" ಇನ್ನೊಂದು, "ಮಳೆಯಲ್ಲೇ ನಿಜವಾದ ಡ್ರೈವರ್ ಯಾರು ಅಂತ ಗೊತ್ತಾಗೋದು. ಆದ್ರೆ ಇವರು ನಾಲ್ಕು ಹನಿ ಬಿದ್ರೆ ರೇಸ್ ನಿಲ್ಲಿಸ್ತಾರೆ." ಇವತ್ತು ಎರಡನ್ನೂ ಒಟ್ಟಿಗೆ ಬಿಡಿಸೋಣ. ಯಾಕಂದ್ರೆ ಎರಡರ ಬುಡದಲ್ಲಿರೋ ಪ್ರಶ್ನೆ ಒಂದೇ: ಎರಡು ಕಾರುಗಳ ನಡುವೆ ವೇಗದ ವ್ಯತ್ಯಾಸ ಎಲ್ಲಿಂದ ಬರಬೇಕು?

ಮೊದಲು ಡಿಆರ್‌ಎಸ್. ಎಫ್‌ಒನ್ ಕಾರು ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡಂತೆ ಹೋಗೋದು ಅದರ ಮೇಲೆ, ಕೆಳಗೆ ಹರಿಯೋ ಗಾಳಿಯ ಒತ್ತಡದಿಂದ. ಆದ್ರೆ ಮುಂದಿನ ಕಾರು ಆ ಗಾಳಿಯನ್ನ ಕಲಕಿಬಿಡುತ್ತೆ. ಹತ್ತಿರ ಹೋದಷ್ಟೂ ಹಿಂದಿನ ಕಾರಿನ ಹಿಡಿತ ಕಡಿಮೆ, ಟೈರ್ ಬೇಗ ಬಿಸಿ. 2010ರ ಅಬುಧಾಬಿ ರೇಸ್ ನೆನಪಿಸಿಕೊಳ್ಳಿ. ಚಾಂಪಿಯನ್‌ಶಿಪ್‌ಗೆ ಓಡ್ತಿದ್ದ ಫೆರಾರಿಯ ಫರ್ನಾಂಡೋ ಅಲೊನ್ಸೊ, ರೆನೊ ತಂಡದ ವಿಟಾಲಿ ಪೆಟ್ರೊವ್ ಹಿಂದೆ ಸುಮಾರು 40 ಲ್ಯಾಪ್ ಸಿಕ್ಕಿಹಾಕಿಕೊಂಡ್ರು. ದಾಟೋಕೆ ಆಗಲೇ ಇಲ್ಲ. ಪಟ್ಟ ಸೆಬಾಸ್ಟಿಯನ್ ವೆಟಲ್ ಪಾಲಾಯ್ತು.

2011ರಲ್ಲಿ ಡಿಆರ್‌ಎಸ್ ಬಂತು. ಮುಂದಿನ ಕಾರಿಗಿಂತ ಒಂದು ಸೆಕೆಂಡ್ ಒಳಗಿದ್ರೆ, ಗುರುತು ಮಾಡಿದ ನೇರ ಹಾದಿಯಲ್ಲಿ ಹಿಂದಿನ ರೆಕ್ಕೆಯ ಒಂದು ಪಟ್ಟಿ ತೆರೆದುಕೊಳ್ಳುತ್ತೆ. ಗಾಳಿಯ ತಡೆ ಕಡಿಮೆ, ವೇಗ ಜಾಸ್ತಿ. ಮುಂದಿರೋನಿಗೆ ಆ ಸೌಲಭ್ಯ ಇಲ್ಲ. ಅದಕ್ಕೇ ಅಭಿಮಾನಿಗಳ ಸಿಟ್ಟು. ಅಂದ್ರೆ ವ್ಯತ್ಯಾಸವನ್ನ ನಿಯಮವೇ ಕೈಯಾರೆ ಕೊಡ್ತು. 2026ರಲ್ಲಿ ಡಿಆರ್‌ಎಸ್ ಹೋಯ್ತು. ರೆಕ್ಕೆ ತೆರೆಯೋದು ಈಗ ಎಲ್ಲರಿಗೂ. ಆದ್ರೆ ಒಂದು ಸೆಕೆಂಡ್ ಒಳಗಿರೋ ಹಿಂದಿನ ಕಾರಿಗೆ ಹೆಚ್ಚುವರಿ ವಿದ್ಯುತ್ ಶಕ್ತಿ ಸಿಗುತ್ತೆ. ವಿಧಾನ ಬದಲಾಯ್ತು, ಜಗಳ ಹಾಗೇ ಉಳೀತು.

ಈಗ ಮಳೆ. ಇಲ್ಲಿ ವ್ಯತ್ಯಾಸ ಕೊಡೋದು ಆಕಾಶ. ಎಲ್ಲಿ ಹಿಡಿತ ಇದೆ, ಯಾವಾಗ ಟೈರ್ ಬದಲಿಸಬೇಕು ಅಂತ ಬೇಗ ಕಂಡುಕೊಂಡವನು ಗೆಲ್ತಾನೆ. 2024ರ ಬ್ರೆಜಿಲ್‌ನಲ್ಲಿ ಮ್ಯಾಕ್ಸ್ ವರ್‌ಸ್ಟಾಪನ್ 17ನೇ ಸ್ಥಾನದಿಂದ ಹೊರಟು ಗೆದ್ದರು. ಅದ್ಭುತ ಡ್ರೈವಿಂಗ್, ಎರಡು ಮಾತಿಲ್ಲ. ಆದ್ರೆ ಇದನ್ನೂ ಗಮನಿಸಿ: ಲ್ಯಾಂಡೊ ನಾರಿಸ್, ಜಾರ್ಜ್ ರಸೆಲ್ ಟೈರ್ ಬದಲಿಸೋಕೆ ಪಿಟ್‌ಗೆ ಹೋದ್ರು, ಸ್ವಲ್ಪ ಹೊತ್ತಲ್ಲೇ ರೆಡ್ ಫ್ಲ್ಯಾಗ್ ಬಂತು. ಪಿಟ್‌ಗೆ ಹೋಗದೆ ಉಳಿದವರು, ವರ್‌ಸ್ಟಾಪನ್ ಸೇರಿ, ರೇಸ್ ನಿಂತಿದ್ದಾಗ ಸಮಯ ಕಳೆದುಕೊಳ್ಳದೆ ಹೊಸ ಟೈರ್ ಹಾಕಿಕೊಂಡ್ರು. ಅಂದ್ರೆ ಮಳೆ ಕೂಡ ಶುದ್ಧ ಪರೀಕ್ಷೆ ಅಲ್ಲ, ಅದೃಷ್ಟಕ್ಕೂ ಅಲ್ಲಿ ಪಾಲಿದೆ.

ಹಾಗಾದ್ರೆ ಮಳೆ ಬಂದಾಗ ಯಾಕೆ ನಿಲ್ಲಿಸ್ತಾರೆ? ತುಂಬಾ ಜನ ತಪ್ಪು ತಿಳಿಯೋದು ಇಲ್ಲೇ. ಕಾರು ಜಾರೋದು ಅರ್ಧ ಸಮಸ್ಯೆ ಮಾತ್ರ. ಪಿರೆಲ್ಲಿ ಪ್ರಕಾರ, ಅವರ ದೊಡ್ಡ ಮಳೆಯ ಟೈರ್ ಒಂದೊಂದೂ ಗಂಟೆಗೆ 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರು ಎತ್ತಿ ಹಾಕುತ್ತೆ. ಒಂದು ಕಾರಿಗೆ ನಾಲ್ಕು ಟೈರ್. ನೀವೇ ಲೆಕ್ಕ ಹಾಕಿ. ಆ ನೀರೆಲ್ಲ ಹಿಂದಿರೋನ ಕಣ್ಣೆದುರು ಗೋಡೆ ಆಗುತ್ತೆ. ಮಳೆಗಾಲದಲ್ಲಿ ಹೈವೇನಲ್ಲಿ ಲಾರಿ ಹಿಂದೆ ಬೈಕ್ ಓಡಿಸಿದವರಿಗೆ ಇದರ ಒಂದು ಚೂರು ಗೊತ್ತಿರುತ್ತೆ. ಟಿವಿ ಕ್ಯಾಮೆರಾ ಇರೋದು ಎತ್ತರದಲ್ಲಿ, ನಮಗೆ ಎಲ್ಲ ಕಾಣುತ್ತೆ. ಹತ್ತನೇ ಸ್ಥಾನದಲ್ಲಿರೋ ಡ್ರೈವರ್‌ಗೆ ಮುಂದೆ ಕಾರು ನಿಂತಿದ್ರೂ ಕಾಣಲ್ಲ. ಎಷ್ಟೇ ಪ್ರತಿಭೆ ಇದ್ರೂ ಕಾಣದೇ ಇರೋದಕ್ಕೆ ಬ್ರೇಕ್ ಹಾಕೋಕೆ ಆಗಲ್ಲ.

2014ರ ಅಕ್ಟೋಬರ್‌ನಲ್ಲಿ ಜಪಾನ್‌ನ ಸುಜುಕಾದಲ್ಲಿ ಮಳೆ ಸುರೀತಿತ್ತು. ಜೂಲ್ಸ್ ಬಿಯಾಂಕಿಯ ಕಾರು ಜಾರಿ, ಬೇರೊಂದು ಕಾರನ್ನ ಎತ್ತೋಕೆ ಬಂದಿದ್ದ ವಾಹನಕ್ಕೆ ಬಡೀತು. 2015ರ ಜುಲೈನಲ್ಲಿ ಅವರು ತೀರಿಕೊಂಡ್ರು. 2022ರಲ್ಲಿ ಅದೇ ಸುಜುಕಾ, ಅದೇ ರೀತಿ ಮಳೆ, ಟ್ರ್ಯಾಕ್ ಮೇಲೆ ಮತ್ತೆ ಅಂಥದ್ದೇ ವಾಹನ. ಪಕ್ಕದಲ್ಲೇ ಹಾದುಹೋದ ಪಿಯರ್ ಗ್ಯಾಸ್ಲಿ ಸಿಟ್ಟಿಗೆದ್ದಿದ್ದು ಸಹಜ.

ಪ್ರೇಕ್ಷಕರ ಕಡೆನೂ ಮಾತಾಡ್ಬೇಕು. ಕಾಮರ್ಸ್ ಓದಿದವನು ನಾನು, ಟಿಕೆಟ್ ದುಡ್ಡಿನ ಲೆಕ್ಕ ಬಿಡೋಕಾಗಲ್ಲ. 2021ರ ಬೆಲ್ಜಿಯಂ ರೇಸ್‌ನಲ್ಲಿ ಜನ ಗಂಟೆಗಟ್ಟಲೆ ಮಳೆಯಲ್ಲಿ ಕಾದ್ರು. ಕಾರುಗಳು ಸೇಫ್ಟಿ ಕಾರ್ ಹಿಂದೆ ಕೆಲವೇ ಸುತ್ತು ಹಾಕಿದ್ವು, ಒಂದೂ ಓವರ್‌ಟೇಕ್ ಇಲ್ಲ. ಆದ್ರೂ ಅರ್ಧ ಅಂಕ ಹಂಚಿದ್ರು. ವಿಜೇತ ವರ್‌ಸ್ಟಾಪನ್‌ಗೆ 12.5. ಅಭಿಮಾನಿಗಳಿಗೆ ದುಡ್ಡು ವಾಪಸ್ ಕೊಡಬೇಕು ಅಂತ ಲೂಯಿಸ್ ಹ್ಯಾಮಿಲ್ಟನ್ ಹೇಳಿದ್ರು. ನನ್ನ ಪ್ರಕಾರ ಅದೇ ಸರಿಯಾದ ಬೇಡಿಕೆ. ಮುಂದಿನ ವರ್ಷ ನಿಯಮ ಬದಲಾಯ್ತು: ಸೇಫ್ಟಿ ಕಾರ್ ಇಲ್ಲದೆ ಕನಿಷ್ಠ ಎರಡು ಲ್ಯಾಪ್ ಓಡದಿದ್ರೆ ಅಂಕವೇ ಇಲ್ಲ.

ಹಾಗಾಗಿ ಬಟನ್ ಬೇಕಾ ಬೇಡ್ವಾ ಅಂತ ಎಷ್ಟು ಬೇಕಾದ್ರೂ ಜಗಳ ಆಡೋಣ, ಅದು ರುಚಿಯ ವಿಷಯ. ಮಳೆಯಲ್ಲಿ ರೇಸ್ ನಿಂತಾಗ ಮಾತ್ರ "ಹೆದರುಪುಕ್ಕಲರು" ಅನ್ನೋ ಮುಂಚೆ ಹತ್ತನೇ ಕಾರಿನ ಒಳಗಿನ ಕ್ಯಾಮೆರಾ ಒಮ್ಮೆ ನೋಡಿ. ಅದರಲ್ಲಿ ನಿಮಗೆ ಮುಂದಿನ ಕಾರು ಕಂಡ್ರೆ, ಆಮೇಲೆ ನನ್ನ ಹತ್ರ ವಾದಕ್ಕೆ ಬನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.